ಹೊಟ್ಟಿ ನಂದು!

ಮಾನ್ವಿಯಲ್ಲಿ ಪಾತ್ರೆ ಅಂಗಡಿ ನಡೆಸುವ ನಾನು ಎಂಥೆಂಥಾ ಗಿರಾಕಿಗಳ ಬಾಯಿ ಮುಚ್ಚಿಸಿದ್ದೇನೆ. ಹಾಗಿರುವಾಗ ಒಬ್ಬ ಡಾಕ್ಟರ ಜೊತೆ ಮಾತಾಡುವುದೇನು ಮಹಾ ಕೆಲಸ!

ನನ್ನ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನವೇ ಮನೆಯಲ್ಲಿ ಸಭೆ ಸೇರಿತು. ದೇವದುರ್ಗದಿಂದ ಸೋದರತ್ತೆ ಬಂದರು. ಗಬ್ಬೂರಿನಿಂದ ಹೆಂಡತಿಯ ತಮ್ಮ ಶರಣಪ್ಪ ಕ್ರೂಸರ್ ಗಾಡಿಯನ್ನೇ ತಂದ. ಆಪರೇಷನ್ ಆಗಲೇಬೇಕು ಎಂದು ಅವನು, ಕಷಾಯ ಸಾಕು ಎಂದು ಅತ್ತೆ. ವಾದ ಜೋರಾಯಿತು, ಚಹಾದ ಮೇಲೆ ಚಹಾ ಆಯಿತು. ಸದರಿ ಕಲ್ಲಿನ ಮಾಲೀಕನಾದ ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ!

"ಹೊಟ್ಟಿ ನಂದು! ಏನ್ ಮಾಡ್ಬೇಕಂತ ನಾನಾ ಹೇಳ್ತೀನಿ," ಎಂದು ಗುಡುಗಿದೆ.

"ನೀವು ಸುಮ್ನ ಕುಂದರ್ರಿ. ಆರಾಮಿಲ್ದಾರು ಭಾಳ ಮಾತಾಡ್ಬಾರ್ದು," ಎಂದಳು ಹೆಂಡತಿ ಶಾಂತಾ.

ಮರುದಿನ ರಾಯಚೂರಿನ ಆಸ್ಪತ್ರೆಗೆ ಗಾಡಿ ಹೊರಟಿತು. ನಮ್ಮ ಕಡೆ ಪೇಷಂಟು ಒಬ್ಬನೇ ಹೋದರೆ ಮನೆತನಕ್ಕೇ ಅವಮಾನ. ಗಾಡಿ ತುಂಬ ಜನ ಬೇಕು, ಎಲ್ಲರೂ ಒಳಗೆ ನುಗ್ಗಬೇಕು, ಅವನ ನೋವನ್ನು ಅವನೊಬ್ಬನನ್ನು ಬಿಟ್ಟು ಎಲ್ಲರೂ ಹೇಳಬೇಕು. "ಎಲ್ಲಿ ನೋವದರೀ?" ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಶರಣಪ್ಪ ತನ್ನ ಹೊಟ್ಟೆಯನ್ನೇ ಒತ್ತಿ ತೋರಿಸಿದ.

"ಅಲ್ಲಲ್ಲೋ, ಇನ್ನಾ ಬಲಕ್ಕ," ಎಂದು ಅತ್ತೆ ಅವನ ಹೊಟ್ಟೆಯನ್ನು ತಿದ್ದಿದರು.

ನನ್ನ ಸಿಟ್ಟು ನೆತ್ತಿಗೇರಿತು. "ಎಲ್ಲಾರೂ ಹೊರಗ ನಡೀರಿ! ಹೊಟ್ಟಿ ನಂದು!"

ಹೆಂಡತಿಯನ್ನೂ ಬಿಡದೆ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಡಾಕ್ಟರಮ್ಮನಿಗೆ ಖುಷಿಯೋ ಖುಷಿ.

"ಚಲೋ ಮಾಡಿದ್ರಿ ಯಜಮಾನ್ರ. ಪೇಷಂಟ್ ಹಿಂಗ ಇರ್ಬೇಕು. ನೋಡ್ರಿ, ಕಲ್ಲು ತಗಿಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಆದ್ರ ಇವತ್ತಾ ಆಗ್ಬೇಕಂತೇನಿಲ್ಲ. ಏನ್ ಮಾಡೂಣು, ನೀವಾ ಹೇಳ್ರಿ."

ನಾನು ತಬ್ಬಿಬ್ಬಾದೆ. ಹಕ್ಕಿಗಾಗಿ ಹೋರಾಡುವ ಭರದಲ್ಲಿ, ಅದು ಸಿಕ್ಕರೆ ಏನು ಮಾಡಬೇಕೆಂದು ಯೋಚಿಸಿರಲೇ ಇಲ್ಲ! ನಿಜ ಹೇಳಬೇಕೆಂದರೆ, ಆಪರೇಷನ್ ಎಂದರೆ ನನಗೆ ಜೀವ ಹೋಗುವಷ್ಟು ಹೆದರಿಕೆ.

"ನಿಮಗ ತಿಳಿದಂಗ ಮಾಡ್ರಿ..." ಎಂದೆ.

"ಈಗಷ್ಟ ಹೊಟ್ಟಿ ನಂದು ಅಂದ್ರೆಲ್ಲ?"

ಮರ್ಯಾದೆಯ ಪ್ರಶ್ನೆ. ಗಂಟಲು ಸರಿಮಾಡಿಕೊಂಡೆ. "ಸದ್ಯಕ್ಕ ಆಪರೇಷನ್ ಬ್ಯಾಡ್ರಿ."

"ಆತು. ಆದ್ರ ಕರಿದಿದ್ದು ಮುಟ್ಟಬ್ಯಾಡ್ರಿ. ನೋವು ಬಂದ್ರ ತಡ ಮಾಡ್ದಂಗ ಬರ್ರಿ."

ಗೆದ್ದೆ! ಎದೆ ಉಬ್ಬಿಸಿ ಹೊರಬಂದು ನನ್ನ ತೀರ್ಮಾನ ಘೋಷಿಸಿದೆ. ಶರಣಪ್ಪನ ಮುಖ ಸಪ್ಪಗಾಯಿತು. ಆಸ್ಪತ್ರೆಯ ಎದುರೇ ತಳ್ಳುಗಾಡಿಯಲ್ಲಿ ಬಿಸಿಬಿಸಿ ಮಿರ್ಚಿ ಭಜಿ ಕರಿಯುತ್ತಿದ್ದರು. ವಿಜಯೋತ್ಸವ ಬೇಡವೇ?

"ಡಾಕ್ಟರಮ್ಮ ಮಿರ್ಚಿ ತಿನ್ನಬೌದು ಅಂದಾರೇನ್ರಿ?" ಎಂದು ಶಾಂತಾ ಅನುಮಾನದಿಂದ ಕೇಳಿದಳು.

"ಹೊಟ್ಟಿ ನಂದು!" ಎಂದು ಇನ್ನೊಂದು ಮಿರ್ಚಿ ಬಾಯಿಗಿಟ್ಟೆ.

ಕ್ರೂಸರ್ ಇನ್ನೂ ರಾಯಚೂರು ದಾಟಿರಲಿಲ್ಲ. ಯಾರೋ ಹೊಟ್ಟೆಯೊಳಗೆ ಕೈ ಹಾಕಿ ಹಿಂಡಿದಂತಾಯಿತು. "ಯವ್ವಾ!" ಎಂದು ಸೀಟಿನಿಂದ ಜಾರಿದೆ. ಶರಣಪ್ಪ ಗಾಡಿ ತಿರುಗಿಸಿದ. ಮತ್ತೆ ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಈ ಸಲ ನಾನು ಸ್ಟ್ರೆಚರ್ ಮೇಲೆ.

"ಡಾಕ್ಟ್ರೇ, ನಮ್ಮ ಮಾಮಾಗ ಆಪರೇಷನ್ ಮಾಡ್ಬಿಡ್ರಿ," ಎಂದ ಶರಣಪ್ಪ.

ಪ್ರಾಣ ಹೋಗುತ್ತಿದ್ದರೂ ಹಕ್ಕು ಬಿಡಲಾದೀತೇ? ಅರ್ಧ ಎದ್ದು ಕೂತು ಬೆರಳೆತ್ತಿದೆ. "ಲೇ ಶರಣಪ್ಪಾ, ನೀ ಹೇಳಬ್ಯಾಡ! ಹೊಟ್ಟಿ ನಂದು, ನಾನಾ ಹೇಳ್ತೀನಿ... ಡಾಕ್ಟ್ರೇ, ಕೊಯ್ರಿ! ಲಗೂನ ಕೊಯ್ರಿ!"

"ಎಲ್ಲಾ ತಪಾಸಣೆ ಮಾಡಿ ಕೊಯ್ಯೂಣ್ರಿ. ಮೊದ್ಲ ಹೇಳ್ರಿ, ಏನ್ ತಿಂದಿದ್ರಿ?"

ಜೀವನದಲ್ಲಿ ಮೊದಲ ಬಾರಿಗೆ, ನನ್ನ ಪರವಾಗಿ ಯಾರಾದರೂ ಮಾತಾಡಲಿ ಎಂದು ಆಸೆಯಿಂದ ಸುತ್ತ ನೋಡಿದೆ. ಅತ್ತೆ ಫ್ಯಾನ್ ನೋಡುತ್ತಿದ್ದರು. ಶರಣಪ್ಪ ಚಪ್ಪಲಿ ನೋಡುತ್ತಿದ್ದ.

"ಹೊಟ್ಟಿ ನಿಮ್ದಲ್ಲೇನ್ರಿ? ನೀವಾ ಹೇಳ್ರಿ," ಎಂದಳು ಶಾಂತಾ.

"ಒಂದ... ಒಂದು ಮಿರ್ಚಿ," ಎಂದೆ ಕ್ಷೀಣ ದನಿಯಲ್ಲಿ.

"ಎರಡು ಪ್ಲೇಟು!" ಎಂದು ಇಡೀ ಕ್ರೂಸರ್ ಒಂದೇ ದನಿಯಲ್ಲಿ ಕೂಗಿತು.