ಹೊಸ್ತಿಲ ಪಕ್ಕದ ಇಂಗ್ಲಿಷ್ ಪಾಠ

ಕಿವಿಗೆ ಒಂದೇ ತರಹ ಕೇಳುವ ಇಂಗ್ಲಿಷ್ ಪದಗಳನ್ನು ನನ್ನಷ್ಟು ಚೆನ್ನಾಗಿ ಬಿಡಿಸಿ ಹೇಳಬಲ್ಲ ಗುಮಾಸ್ತ ಯಲಬುರ್ಗಾ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ! ಹೀಗಂತ ನಾನೇ ನಂಬಿದ್ದೆ. ತಂಗಿ ಶಾಂಭವಿಯನ್ನು ನೋಡಲು ಮರಳಿ ಎಂಬ ಊರಿನಿಂದ ಬರುವ ಹುಡುಗ ಕಲ್ಲೇಶ ಇಂಗ್ಲಿಷ್ ಮಾಸ್ತರ ಎಂದು ತಿಳಿದ ಕೂಡಲೇ, ಆ ಮಹಾವಿದ್ಯೆಯನ್ನು ಅವಳಿಗೆ ಧಾರೆ ಎರೆಯಲು ಟೊಂಕ ಕಟ್ಟಿ ನಿಂತೆ. ಸಂಬಂಧ ಮನೆಯವರಿಗೆಲ್ಲ ಹಿಡಿಸಿತ್ತು. ಶಾಂಭವಿಗಂತೂ ಹುಡುಗನ ಫೋಟೋ ನೋಡಿದಾಗಿನಿಂದ ಮುಖದ ಮೇಲಿನ ನಗು ಇಳಿದಿರಲಿಲ್ಲ.

"ಅಣ್ಣಾ, ಆ ಪದ ನನಗ ಬರ್ತಾವ," ಎಂದಳು.

"ಬಾಯಿಪಾಠ ಬ್ಯಾರೆ, ಕಣ್ಣಿಲೆ ನೋಡಿ ಕಲಿಯೂದು ಬ್ಯಾರೆ," ಎಂದೆ.

ಅವರು ಬರುವ ದಿನ ಬೆಳಿಗ್ಗೆ, ಹೋಗುತ್ತ ಬರುತ್ತ ಅವಳ ಕಣ್ಣಿಗೆ ಬೀಳಲೆಂದು ಹೊಸ್ತಿಲ ಪಕ್ಕದಲ್ಲೇ ಮೊರವಿಟ್ಟು ಪಾಠ ಜೋಡಿಸಿದೆ. ಹೂವೂ ಫ್ಲವರ್, ಹಿಟ್ಟೂ ಹೆಚ್ಚುಕಡಿಮೆ ಫ್ಲವರ್: ಒಂದು ಕೆಂಪು ದಾಸವಾಳ, ಒಂದು ಹಿಡಿ ಜೋಳದ ಹಿಟ್ಟು. ಚಪ್ಪಲಿಯ ಅಟ್ಟೆಯೂ ಸೋಲ್, ಆತ್ಮವೂ ಸೋಲ್: ನನ್ನ ಹರಿದ ಚಪ್ಪಲಿಯ ಅಟ್ಟೆ, ಆತ್ಮದ ಬದಲಿಗೆ ಹಚ್ಚಿದ ದೀಪ. ಬಣ್ಣ ಹಾಕುವುದೂ ಡೈ, ಸಾಯುವುದೂ ಡೈ: ಬಟ್ಟಲಲ್ಲಿ ಕುಂಕುಮದ ನೀರು, ಪಕ್ಕದಲ್ಲಿ ಅಂಗಾತ ಮಲಗಿಸಿದ ಬಟ್ಟೆಯ ಗೊಂಬೆ. ಕೂದಲೂ ಹೇರ್, ಮೊಲವೂ ಹೇರ್: ಹೆಂಡತಿ ಅಮೃತಾಳ ಬಾಚಣಿಗೆಯಿಂದ ಕೂದಲು ಸಿಕ್ಕಿತು, ಮೊಲ ಸಿಗಲಿಲ್ಲ.

ಬಸ್ಸು ಬೇಗ ಬಂತು. ಹುಡುಗನ ತಾಯಿ ಕಳಕಮ್ಮ ಅಂಗಳ ದಾಟಿ ಬಂದವರು, ಹೊಸ್ತಿಲಿಗೆ ಎತ್ತಿದ ಕಾಲನ್ನು ಹಾಗೇ ಹಿಂದಿಟ್ಟರು.

"ಕಲ್ಲೇಶ, ಒಳಗ ಹೋಗಬ್ಯಾಡ. ಈ ಮನಿಗಿ ಯಾರೋ ಮಾಟ ಮಾಡ್ಯಾರ."

"ಅಮ್ಮಾರ, ಅದು ಬರೇ ಆತ್ಮರೀ," ಎಂದು ದೀಪ ತೋರಿಸಿದೆ.

ಅವರು ಮಗನ ಕೈ ಹಿಡಿದು ಗೇಟಿನತ್ತ ನಡೆದೇಬಿಟ್ಟರು!

ಕೂಡಿಬಂದ ಸಂಬಂಧ ನನ್ನ ಕೈಯಾರೆ ಬಸ್ ಸ್ಟ್ಯಾಂಡಿಗೆ ಹೊರಟಿತ್ತು. ಅಷ್ಟರಲ್ಲಿ ಶಾಂಭವಿ ರೇಷ್ಮೆ ಸೀರೆಯಲ್ಲಿ ಮೊರ ಹೊತ್ತುಕೊಂಡೇ ಅಂಗಳಕ್ಕೆ ಬಂದಳು.

"ಮಾಟ ಅಲ್ರೀ ಅಮ್ಮಾರ. ನಮ್ಮಣ್ಣ ನನಗ ಇಂಗ್ಲಿಷ್ ಕಲಿಸಾಕತ್ತಿದ್ದ," ಎಂದವಳೇ ಒಂದೊಂದನ್ನೂ ಎತ್ತಿ ತೋರಿಸಿ, ಎರಡೆರಡು ಅರ್ಥವನ್ನೂ ತಡವರಿಸದೆ ಹೇಳಿದಳು.

ಗೊಂಬೆಯ ಸರದಿ ಬಂದಾಗ ಕಲ್ಲೇಶ ನಕ್ಕುಬಿಟ್ಟ. "ನಾನೂ ಇವನ್ನ ಕಲಿಸ್ತೀನ್ರೀ. ಬೋರ್ಡಿನ ಮ್ಯಾಲ ಬರೀತೀನಿ, ಅಷ್ಟ."

ಕಳಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹುಡಿಗಿ ಭಾಳ ಧೈರ್ಯದಾಕಿ. ನಮಗ ಒಪ್ಪಿಗಿ ಐತಿ," ಎಂದು ನನ್ನತ್ತ ತಿರುಗಿದರು. "ಮಾಟ ಮನಿಗಲ್ಲ, ನಿಮಗ ಆಗೈತಿ. ಕುಂದರ್ರಿ ಇಲ್ಲೆ." ಅಮೃತಾಳಿಗೆ ಉಪ್ಪು, ಒಣಮೆಣಸಿನಕಾಯಿ ತರಲು ಹೇಳಿದರು.

ಭಾವೀ ಬೀಗತಿಯ ಅಪ್ಪಣೆ, ಕುಳಿತೆ. ನನ್ನ ತಲೆಯ ಸುತ್ತ ನಿವಾಳಿಸಿ ಬಚ್ಚಲೊಲೆಯ ಕೆಂಡಕ್ಕೆ ಹಾಕಿದರು. ಮಾಟವೋ ದೃಷ್ಟಿಯೋ ತಗುಲದವನಾಗಿದ್ದರೆ ಆ ಘಾಟಿಗೆ ಇಡೀ ಮನೆ ಕೆಮ್ಮಬೇಕು. ಒಬ್ಬರೂ ಕೆಮ್ಮಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

ಅಮೃತಾ ನಿಟ್ಟುಸಿರು ಬಿಟ್ಟಳು. "ಮದುವಿ ಆದಾಗಿಂದ ಹೇಳಾಕತ್ತೀನ್ರೀ, ಯಾರೂ ನಂಬಲೇ ಇಲ್ಲ."