ಗುತ್ಯಮ್ಮನ ಒಗರು ಪರೀಕ್ಷೆ

ಕೆಂಪಿಯ ಹೊಟ್ಟೆ ಮತ್ತೊಮ್ಮೆ ಉಬ್ಬಿ ಇಳಿದ ಮರುದಿನ ಬೆಳಿಗ್ಗೆ ಅತ್ತೆ ತಿಮ್ಮಮ್ಮ ತೀರ್ಪು ಕೊಟ್ಟಳು.

"ಇನ್ನೊಂದ್ಸಲ ಉಬ್ಬಿದ್ರೆ ಶಿರಾಳಕೊಪ್ಪದ ಸಂತೆಗೆ ಹೊಡಸ್ತೀನಿ. ನಿನ್ನ ತವರಿನ ಹಸುಗೆ ದಿನಾ ದೃಷ್ಟಿ ತೆಗೆಯೋಕೆ ನನ್ ಕೈಲಿ ಆಗಲ್ಲ."

ಕೆಂಪಿ ಸೊರಬದಿಂದ ಗುತ್ಯಮ್ಮನ ಜೊತೆಗೇ ಬಂದ ಹಸು. ಈ ಮನೆಯಲ್ಲಿ ಅವಳ ಪರ ಇದ್ದದ್ದು ಅದೊಂದೇ.

"ದೃಷ್ಟಿ ಅಲ್ಲ ಅತ್ತೆ, ಸೊಪ್ಪು. ಒಗರಿಲ್ಲದ ಎಳೇ ಸೊಪ್ಪು ತಿಂದ್ರೆ ಉಬ್ತದೆ. ಒಗರು ನೋಡಿ ಹಾಕ್ತೀನಿ."

"ಹೆಂಗ್ ನೋಡ್ತೀಯ? ಹಸು ಜೊತೆ ನೀನೂ ಮೇಯ್ತೀಯೇನು?"

ತವರಿನಲ್ಲಿ ಗುತ್ಯಮ್ಮನ ಅಜ್ಜಿ ಅಳಲೆಕಾಯಿಯ ರಸಕ್ಕೆ ತುಕ್ಕಿನ ನೀರು ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದಳು. ಒಗರು ಹೆಚ್ಚಿದ್ದಷ್ಟೂ ಮಸಿ ಕಪ್ಪು. ಅದನ್ನು ನೆನೆದು ಗುತ್ಯಮ್ಮ ಮುರುಕು ಕುಡುಗೋಲೊಂದನ್ನು ಆಗಲೇ ಹುಳಿ ಮಜ್ಜಿಗೆಯ ಮಡಕೆಯಲ್ಲಿ ಹಾಕಿಟ್ಟಿದ್ದಳು. ತುಕ್ಕು ಬಿಟ್ಟ ಆ ನೀರಿನಲ್ಲಿ ಬಟ್ಟೆ ಅದ್ದಿ ಸೊಪ್ಪು ಉಜ್ಜಿದಳು. ಹುರುಳಿ ಬಳ್ಳಿ ಕಾಡಿಗೆಯಂತೆ ಕಪ್ಪಾಯಿತು. ಕಾಲುವೆ ಬದಿಯ ಕುದುರೆಮಸಾಲೆ ಸೊಪ್ಪು ಮಾತ್ರ ಎಷ್ಟು ಬೈದರೂ ನಾಚದ ಅಳಿಯನಂತೆ ಬಣ್ಣವನ್ನೇ ಬದಲಿಸಲಿಲ್ಲ.

ಪಕ್ಕದ ಮನೆಯ ಹುಚ್ಚರಾಯಪ್ಪ ಬೇಲಿಯ ಮೇಲಿಂದ ಇಣುಕಿ, "ಏನವ್ವಾ, ಹಸು ಊಟಕ್ಕೆ ಉಪ್ಪು ಖಾರ ಸರಿ ಐತೇನು?" ಎಂದ.

ಮಧ್ಯಾಹ್ನದ ಹೊತ್ತಿಗೆ ಬೀದಿಯೇ ಅಂಗಳಕ್ಕೆ ಬಂತು. ಬಂದದ್ದು ನಗುವುದಕ್ಕೆ. ಆದರೆ ಎಲ್ಲರ ತಲೆಯ ಮೇಲೂ ಒಂದೊಂದು ಸೊಪ್ಪಿನ ಹೊರೆ.

"ನಂದೂ ಒಂಚೂರು ನೋಡೇ," ಎಂದಳು ಎದುರುಮನೆಯ ವನಜಮ್ಮ. ಉಜ್ಜುವ ಬಟ್ಟೆ ಮುಗಿದಿತ್ತು. ವನಜಮ್ಮನೇ ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಬಟ್ಟೆ ಎಳೆದುಕೊಟ್ಟಳು. ಅದು ಮಾವನ ಒಳ್ಳೆಯ ಪಂಚೆ ಎಂದು ತಿಳಿಯುವಷ್ಟರಲ್ಲಿ ಚಿರತೆಯ ತೊಗಲಾಗಿತ್ತು.

ಕಪ್ಪಾದ ಸೊಪ್ಪನ್ನು ಅವರವರು ಹೊತ್ತುಕೊಂಡು ಹೋದರು. ಕಪ್ಪಾಗದ್ದನ್ನು ಗುತ್ಯಮ್ಮ ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕಿಸಿದಳು.

"ಇದು ಬಾಡೋ ತನಕ ಯಾವ ದನಕ್ಕೂ ಹಾಕಬೇಡಿ. ಹಾಕಿದ್ರೆ ಉಬ್ತದೆ."

ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆ ಸಂತೋಷದಲ್ಲಿ, ಹುಚ್ಚರಾಯಪ್ಪ ತನ್ನ ಹೊರೆ ಕಟ್ಟಲು ಕೆಂಪಿಯ ಕೊರಳ ಹಗ್ಗವನ್ನೇ ಬಿಚ್ಚಿಕೊಂಡು ಹೋದದ್ದನ್ನು ಅವಳು ನೋಡಲಿಲ್ಲ.

ಪಂಚೆ ಒಗೆದು ಬರುವಷ್ಟರಲ್ಲಿ ಗುಡ್ಡೆ ಖಾಲಿ. ಪಕ್ಕದಲ್ಲಿ ಕೆಂಪಿ ನಗಾರಿಯಾಗಿ ನಿಂತಿತ್ತು.

ಬೀದಿ ಮತ್ತೆ ಸೇರಿತು. ಎಣ್ಣೆ ಕುಡಿಸಿದರು, ತೇಗು ಬರಲೆಂದು ಬಾಯಿಗೆ ಅಡ್ಡ ಕಡ್ಡಿ ಕಟ್ಟಿದರು, ಅಂಗಳದಲ್ಲಿ ಓಡಾಡಿಸಿದರು. ದೀಪ ಹಚ್ಚುವ ಹೊತ್ತಿಗೆ ಕೆಂಪಿ ದೊಡ್ಡದಾಗಿ ತೇಗಿತು.

"ಏನ್ ಹೇಳ್ತತಿ ಈಗ ನಿನ್ನ ಪರೀಕ್ಷೆ?" ಎಂದಳು ತಿಮ್ಮಮ್ಮ.

"ಬೆಳಿಗ್ಗೆ ಹೇಳಿದ್ದೇ ಅತ್ತೆ. ಉಬ್ಬಿಸ್ತದೆ ಅಂದ ಸೊಪ್ಪು ತಿಂತು. ಉಬ್ತು."

"ಹೌದಲ್ಲೇ," ಎಂದಳು ವನಜಮ್ಮ. ಉಳಿದವರೂ ತಲೆಯಾಡಿಸಿದರು.

"ಪರೀಕ್ಷೆ ಸರಿ. ನನ್ ಮಾತೂ ಸರಿ. ನಾಳೆ ಸಂತೆ," ಎಂದಳು ತಿಮ್ಮಮ್ಮ.

ಹುಚ್ಚರಾಯಪ್ಪ ಮುಂದೆ ಬಂದ. "ಸಂತೆಗ್ಯಾಕೆ ತಿಮ್ಮಕ್ಕ, ನಾನೇ ಕಟ್ಕೊಂತೀನಿ. ಸೊಪ್ಪು ನೋಡಾಕೆ ನಿನ್ ಸೊಸೆ ಬೇಲಿ ಪಕ್ಕದಾಗೇ ಅದಾಳೆ. ಹೆಂಗೂ ಹಗ್ಗ ನಮ್ಮನೇಲೇ ಐತಿ."

ತಿಮ್ಮಮ್ಮ ಒಪ್ಪಿದಳು.

ಗುತ್ಯಮ್ಮ ಮಡಕೆ ಎತ್ತಿ ತುಕ್ಕಿನ ಮಜ್ಜಿಗೆಯನ್ನೆಲ್ಲ ಅವನ ಕಾಲ ಬುಡದಲ್ಲೇ ಚೆಲ್ಲಿದಳು.

"ನಾಳೆಯಿಂದ ನೀವೇ ಮೇಯ್ದು ನೋಡಿ," ಎಂದಳು.