ಬೋರ್ಡಿನ ಮೇಲಿನ ಬಾವಿ, ಕುರುಬರಹಳ್ಳಿಯ ಬಾವಿ

ಮುಖ್ಯ ತರಬೇತಿ ಅಧಿಕಾರಿಗಳು,
ಅಪಘಾತ ಶುಶ್ರೂಷೆ ಮತ್ತು ಉದ್ಧಾರ ತರಬೇತಿ ಕಚೇರಿ,
ರಾಜಾಜಿನಗರ, ಬೆಂಗಳೂರು.

೧೯೫೭ನೇ ಇಸವಿ ಏಪ್ರಿಲ್ ತಿಂಗಳು

ಮಾನ್ಯರೇ,

ಮೊಣಕಾಲಿನ ಗಾಯ ಇನ್ನೂ ಮಾಯದಿರುವ ಕಾರಣ ತಮ್ಮ ಪಾದದವರೆಗೆ ಬಾಗಲಾರದೆ, ಸೊಂಟದ ಮಟ್ಟಕ್ಕೆ ಮಾತ್ರ ಬಾಗಿ ಸಲ್ಲಿಸುತ್ತಿರುವ ಈ ನಮಸ್ಕಾರವನ್ನು ತಾವು ದೊಡ್ಡ ಮನಸ್ಸು ಮಾಡಿ ಪೂರ್ತಿ ನಮಸ್ಕಾರವೆಂದೇ ಜಮಾ ಮಾಡಿಕೊಳ್ಳಬೇಕಾಗಿ ಪ್ರಾರ್ಥನೆ. ನಾನು ಕುರುಬರಹಳ್ಳಿಯ ಧರ್ಮ ಔಷಧಾಲಯದ ಕಾಂಪೌಂಡರ್ ಗುರುಬಸಪ್ಪ. ತಾವು ಜನವರಿಯಲ್ಲಿ ನಡೆಸಿದ ಮೂರು ವಾರಗಳ ಶಿಬಿರದಲ್ಲಿ ಎರಡನೇ ಬೆಂಚಿನ ತುದಿಯಲ್ಲಿ ಕುಳಿತು, ಐವತ್ತಕ್ಕೆ ನಲವತ್ತೆಂಟು ಅಂಕ ತೆಗೆದು, ತಮ್ಮ ಅಮೃತಹಸ್ತದಿಂದಲೇ ಹಿತ್ತಾಳೆಯ ಬಿಲ್ಲೆ ಚುಚ್ಚಿಸಿಕೊಂಡವನು.

ಕಳೆದ ಸೋಮವಾರದ ಟಪಾಲಿನಲ್ಲಿ ತಮ್ಮ ಕಚೇರಿಯಿಂದ ಎರಡು ಲಕೋಟೆಗಳು ಒಟ್ಟಿಗೇ ಬಂದವು. ಬಾವಿಯಲ್ಲಿ ಸಿಕ್ಕಿಬಿದ್ದ ಕೂಲಿಯವನೊಬ್ಬನ ಜೀವ ಉಳಿದದ್ದು ತಮ್ಮ ತರಬೇತಿಯ ಫಲವೆಂದೂ, ಇದನ್ನು ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಸೇರಿಸಲಾಗುವುದೆಂದೂ ಒಂದರಲ್ಲಿ ಅಭಿನಂದನೆ ಇತ್ತು. ತರಬೇತಿಯಿಲ್ಲದ ವ್ಯಕ್ತಿಯ ಕೈಗೆ ಕೆಲಸ ಒಪ್ಪಿಸಿದ್ದೇಕೆ, ಕಚೇರಿಯ ಮುದ್ರೆಯಿಲ್ಲದ ಹಗ್ಗ ಬಳಸಿದ್ದೇಕೆ, ಕೈಪಿಡಿಯಲ್ಲಿ ಎಲ್ಲಿಯೂ ಹೇಳದಿರುವ ಸೊಪ್ಪನ್ನು ಬಾವಿಗೆ ಇಳಿಬಿಟ್ಟಿದ್ದೇಕೆ ಎಂದು ಏಳು ದಿನದೊಳಗೆ ವಿವರಣೆ ಕೊಡಬೇಕೆಂದು ಇನ್ನೊಂದರಲ್ಲಿ ಮೆಮೊ ಇತ್ತು. ಎರಡರ ಕೆಳಗೂ ತಮ್ಮದೇ ಸಹಿ. ಮಾಡಿದ ಒಂದೇ ಕೆಲಸಕ್ಕೆ ಒಂದೇ ದಿನ ಹಾರವನ್ನೂ ಛೀಮಾರಿಯನ್ನೂ ಹಂಚುವ ತಮ್ಮ ಸಮದೃಷ್ಟಿಗೆ ತಲೆದೂಗಿ, ವಿವರಣೆಯನ್ನು ತಮ್ಮೊಬ್ಬರಿಗೇ ಕೊಟ್ಟರೆ ಊರಿನವರಿಗೆ ಅನ್ಯಾಯವಾದೀತೆಂದು ಭಾವಿಸಿ, ಇದರ ಪ್ರತಿಯೊಂದನ್ನು ಔಷಧಾಲಯದ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಮೊದಲು ತಮ್ಮ ತರಬೇತಿಯನ್ನು ಹೊಗಳುವುದು ನನ್ನ ಧರ್ಮ. ಬಾವಿಯಿಂದ ಗಾಯಾಳುವನ್ನು ಎತ್ತುವ ಪಾಠದ ದಿನ ತಾವು ಬೋರ್ಡಿನ ಮೇಲೆ ಬರೆದ ಬಾವಿಯಂಥ ಬಾವಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಎಷ್ಟು ದುಂಡು, ಎಷ್ಟು ನೇರ, ಒಳಗೆ ಎಷ್ಟು ಬೆಳಕು! ಅದರ ತಳದಲ್ಲಿ ಹಳದಿ ಸೀಮೆಸುಣ್ಣದ ಗಾಯಾಳು ಕೈಕಾಲು ಅಚ್ಚುಕಟ್ಟಾಗಿ ಜೋಡಿಸಿಕೊಂಡು, ನಾವು ಬರುವುದನ್ನೇ ಕಾಯುತ್ತ ಮಲಗಿದ್ದ. ಪ್ರಾಯೋಗಿಕ ಪರೀಕ್ಷೆಗೆ ಶಾಲೆಯ ಜಗಲಿಯೇ ಬಾವಿಯಾಯಿತು, ತಮ್ಮ ಜವಾನ ಅಂಜಿನಯ್ಯನೇ ಗಾಯಾಳುವಾದ. ಅವನು ಊಟ ಮಾಡಿ ಬಂದವನು ಜಮಖಾನದ ಮೇಲೆ ನಿಜವಾಗಿಯೇ ನಿದ್ದೆ ಹೋದದ್ದರಿಂದ, ಪ್ರಜ್ಞೆ ತಪ್ಪಿದವನನ್ನು ಮೂರೂವರೆ ಅಡಿ ಆಳದಿಂದ ಮೇಲೆತ್ತುವ ವಿದ್ಯೆಯಲ್ಲಿ ನಾವು ಹದಿನಾಲ್ಕು ಮಂದಿಯೂ ಪಾರಂಗತರಾದೆವು.

ಶಿಬಿರದ ಮೊದಲನೆಯ ದಿನ ಹಿಂದಿನ ಬೆಂಚಿನಲ್ಲಿ ಮಣ್ಣುಬಣ್ಣದ ಪಂಚೆಯುಟ್ಟು ಕುಳಿತಿದ್ದವನೊಬ್ಬನನ್ನು ತಾವು ಎಬ್ಬಿಸಿದ್ದು ತಮಗೆ ನೆನಪಿರಲಾರದು. ಅವನ ಹೆಸರು ಮುನಿಯಣ್ಣ. ನಮ್ಮ ಸುತ್ತಮುತ್ತ ಮೂವತ್ತು ವರ್ಷದಿಂದ ಬಾವಿ ತೋಡಿಸುತ್ತಿರುವ ಮೇಸ್ತ್ರಿ. ಲೋಯರ್ ಸೆಕೆಂಡರಿ ಆಗಿದೆಯೇ ಎಂದು ತಾವು ಕೇಳಿದಿರಿ, ಇಲ್ಲ ಎಂದ. ಮತ್ತೇನು ಗೊತ್ತು ಎಂದಿರಿ. "ಬಾವಿಗೆ ಇಳಿಯೋದು ಗೊತ್ತು ಸ್ವಾಮಿ" ಎಂದ. ನಾವೆಲ್ಲ ನಕ್ಕೆವು. "ಇಳಿಯೋದು ಯಾರಾದ್ರೂ ಇಳೀತಾರಪ್ಪ, ಶಾಸ್ತ್ರೀಯವಾಗಿ ಇಳಿಯೋದು ಮುಖ್ಯ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅಂದು ನಕ್ಕವರಲ್ಲಿ ನನ್ನ ನಗುವೇ ಸ್ವಲ್ಪ ಜೋರಾಗಿತ್ತೆಂಬುದನ್ನು ಈ ವಿವರಣೆಯಲ್ಲಿ ಸೇರಿಸದಿದ್ದರೆ ಸುಳ್ಳು ಬರೆದಂತಾಗುತ್ತದೆ.

ಮಾರ್ಚ್ ತಿಂಗಳ ಎರಡನೇ ಗುರುವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ನಾನು ಕೆಮ್ಮಿನ ಮಿಕ್ಸ್ಚರ್ ಕಲಸುತ್ತಿದ್ದೆ. ಮುನಿಲಕ್ಷ್ಮಮ್ಮ ಎಂಬ ಹೆಂಗಸು ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಓಡಿಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತು, "ಕಾಂಪೌಂಡರಪ್ಪ, ನಮ್ಮೋರು ಬಾವೀಲಿ ಸಿಕ್ಕಾಕ್ಕೊಂಡವ್ರೆ, ಕಾಲ ಮ್ಯಾಗೆ ಕಲ್ಲು ಬಿದ್ದದೆ, ಬೇಗ ಬನ್ನಿ" ಎಂದಳು. ಊರಾಚೆ ಹೊಸ ಬಡಾವಣೆಗೆಂದು ತೋಡುತ್ತಿದ್ದ ಬಾವಿ ಅದು. ಮುನಿಯಣ್ಣ ಅಲ್ಲಿಯ ಮೇಸ್ತ್ರಿ, ಆ ಬೆಳಿಗ್ಗೆ ಹಾರೆ ಹದ ಮಾಡಿಸಲು ಕುಲುಮೆಗೆ ಹೋಗಿದ್ದ. ಮುನಿಲಕ್ಷ್ಮಮ್ಮ ಮಣ್ಣು ಹೊರುವವಳು, ಅವಳ ಗಂಡ, ಮಲ್ಲತ್ತಹಳ್ಳಿಯ ವೆಂಕಟಸ್ವಾಮಿ, ತಳದಲ್ಲಿ ಬಂಡೆ ಒಡೆಯುವವನು. ಹಿಂದಿನ ಸಂಜೆ ಸಿಡಿಮದ್ದು ಹಾರಿಸಿದ್ದರು. ಅದರ ಏಟಿಗೆ ಸಡಿಲಾಗಿದ್ದ ಪಕ್ಕದ ಗೋಡೆ ಬೆಳಿಗ್ಗೆ ಅವನ ಮೇಲೆ ಜಾರಿತ್ತು.

ಬ್ಯಾಗು ಹಿಡಿದುಕೊಂಡು, ಬಿಲ್ಲೆ ಚುಚ್ಚಿಕೊಂಡು ಹೋದೆ. ಹೌದು, ಹೊರಡುವ ಮುಂಚೆ ಕನ್ನಡಿ ನೋಡಿ ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡೆ. ಬಾವಿಯ ಹತ್ತಿರ ಇಪ್ಪತ್ತು ಜನ ಸೇರಿದ್ದರು. ಒಬ್ಬ ಆಳು ಅರ್ಧ ಇಳಿದು ತಲೆ ತಿರುಗಿ ಮೇಲೆ ಬಂದು ವಾಂತಿ ಮಾಡಿಕೊಳ್ಳುತ್ತಿದ್ದ. ಬಗ್ಗಿ ನೋಡಿದೆ. ಎಂಟಾಳು ಆಳ, ಕಗ್ಗತ್ತಲೆ, ಮದ್ದಿನ ಘಾಟು. ಕೈಪಿಡಿಯ ಮೊದಲ ನಿಯಮದಂತೆ ಸೈಟಿನ ಗುಮಾಸ್ತೆಯನ್ನು ಸೈಕಲ್ಲಿನಲ್ಲಿ ತಮ್ಮ ಕಚೇರಿಗೆ ಅಟ್ಟಿ ಹಗ್ಗ, ರಾಟೆ, ಸ್ಟ್ರೆಚರು ತರಲು ಹೇಳಿದೆ. ಅವನು ಬೆವರು ಸುರಿಸುತ್ತ ಹಿಂದಿರುಗಿ ತಂದದ್ದು ಒಂದು ಸಮಾಚಾರವನ್ನು: ಸಾಮಾನೆಲ್ಲ ಬೀರುವಿನಲ್ಲಿ ಭದ್ರವಾಗಿದೆ, ಬೀಗದ ಕೈ ಸಾಹೇಬರ ಕೋಟಿನ ಜೇಬಿನಲ್ಲಿದೆ, ಸಾಹೇಬರು ಕೋಟಿನ ಸಮೇತ ಮೀಟಿಂಗಿಗೆ ಹೋಗಿದ್ದಾರೆ, ಬಂದ ಮೇಲೆ ಅರ್ಜಿ ಕೊಟ್ಟರೆ ಪರಿಶೀಲಿಸುತ್ತಾರೆ. ಆ ಹಗ್ಗ ಈವರೆಗೆ ಒಂದು ದಾರ ಕೂಡ ಸವೆಯದೆ ಉಳಿದಿರುವ ಗುಟ್ಟು ನನಗೆ ಆಗ ತಿಳಿಯಿತು.

ಅಷ್ಟರಲ್ಲಿ ವೆಂಕಟಸ್ವಾಮಿಯ ದನಿ ಬದಲಾಗಿತ್ತು. ಮೊದಲು ಹೆಂಡತಿ ಕೂಗಿದ ಕೂಡಲೆ ಓಗೊಡುತ್ತಿದ್ದವನು ಈಗ ಎರಡು ಸಲ ಕೂಗಿದರೆ ಒಂದು ಸಲ, ಅದೂ ನಿದ್ದೆಗಣ್ಣಿನವನಂತೆ, ಉತ್ತರ ಕೊಡುತ್ತಿದ್ದ. ಕೈಪಿಡಿಯಲ್ಲಿ ಮುಂದೇನು ಎಂಬುದು ಮರೆತುಹೋಯಿತು. ಸೈಟಿನ ಹಗ್ಗವನ್ನೇ ಸೊಂಟಕ್ಕೆ ಸುತ್ತಿ, ತಾವು ಮೆಚ್ಚಿ ಪೂರ್ತಿ ಅಂಕ ಕೊಟ್ಟಿದ್ದ ಆ ಗಂಟನ್ನು ಹಾಕಿಕೊಂಡು, ಒಂದು ಕಾಲನ್ನು ಬಾವಿಯೊಳಕ್ಕೆ ಇಳಿಬಿಟ್ಟೆ. ಆಗ ನನ್ನ ಅಂಗಿಯ ಕಾಲರನ್ನು ಹಿಂದಿನಿಂದ ಯಾರೋ ಹಿಡಿದು ಜಗ್ಗಿದರು. ಮುನಿಯಣ್ಣ!

"ದೀಪ ಇಳಿಸ್ದೆ ಆಳು ಇಳಿಸ್ತಾರಾ ಸ್ವಾಮಿ? ಒಬ್ಬರನ್ನ ಎತ್ತೋದೇ ಕಷ್ಟ, ಇಬ್ಬರಾಗ್ತೀರಾ?"

ನನ್ನ ಗಂಟಿನ ತುದಿಯನ್ನು ಅವನು ಎರಡು ಬೆರಳಿನಲ್ಲಿ ಎಳೆದ. ತಮ್ಮ ಪೂರ್ಣಾಂಕದ ಗಂಟು ಹೂವಿನಂತೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

ಹಚ್ಚಿದ ಲಾಂದ್ರವೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಆರಾಳು ಆಳದವರೆಗೆ ಉರಿದ ದೀಪ ಅಲ್ಲಿಂದ ಮುಂದಕ್ಕೆ ಸಣ್ಣಗಾಗಿ, ಸೊರಗಿ, ಆರಿಯೇ ಹೋಯಿತು. ನಾನು ಇಳಿದಿದ್ದರೆ ಆರುತ್ತಿದ್ದುದು ಬೇರೆ. ಮುನಿಯಣ್ಣ ಹೊಂಗೆಮರದಿಂದ ಎರಡು ದೊಡ್ಡ ಕೊಂಬೆ ಕಡಿಸಿ, ಸೊಪ್ಪಿನ ಸಮೇತ ಹಗ್ಗಕ್ಕೆ ಬಿಗಿದು, ಬಾವಿಯೊಳಗೆ ಮೇಲಕ್ಕೂ ಕೆಳಕ್ಕೂ ಬಿಡದೆ ಆಡಿಸಲು ನಾಲ್ಕು ಮಂದಿಯನ್ನು ನಿಲ್ಲಿಸಿದ. ಇನ್ನೊಂದು ಪಕ್ಕದಿಂದ ಕೊಡಗಟ್ಟಲೆ ನೀರು ಸುರಿಸಿದ. ಕೆಟ್ಟ ಗಾಳಿ ಏಳಬೇಕು, ಒಳ್ಳೆಯ ಗಾಳಿ ಇಳಿಯಬೇಕು, ಅಷ್ಟೇ. ಮೆಮೊದಲ್ಲಿ ತಾವು ಕೇಳಿರುವ ಸೊಪ್ಪಿನ ಕಥೆ ಇದೇ. ಅಷ್ಟು ಹೊತ್ತೂ ಮುನಿಲಕ್ಷ್ಮಮ್ಮ ಅಂಚಿನಲ್ಲಿ ಬೋರಲು ಮಲಗಿ ಗಂಡನನ್ನು ಬೈಯುತ್ತಿದ್ದಳು. "ಮಲಗಬ್ಯಾಡ, ನನ್ನ ಮಾತಿಗೆ ಜವಾಬು ಕೊಡು. ಮನೇಲಾದ್ರೆ ಒಂದಕ್ಕೆ ನಾಕು ಮಾತಾಡ್ತೀಯ, ಈಗೇನು ಬಂತು?" ಅವಳ ದನಿ ಜೋರಾಗಿತ್ತು, ಕೈ ಮಾತ್ರ ಅಂಚಿನ ಮಣ್ಣನ್ನು ಕೆರೆಯುತ್ತಲೇ ಇತ್ತು. ಕಾಲು ಗಂಟೆಯ ಮೇಲೆ ಮತ್ತೆ ಇಳಿಸಿದ ಲಾಂದ್ರ ತಳ ಮುಟ್ಟಿದರೂ ಉರಿಯುತ್ತಿತ್ತು.

"ನೀವೂ ಬನ್ನಿ. ಕಲ್ಲು ನನಗೆ ಗೊತ್ತು, ಕಾಲು ನಿಮಗೆ ಗೊತ್ತು" ಎಂದ ಮುನಿಯಣ್ಣ. ಶಿಬಿರದಲ್ಲಿ ನಕ್ಕವನನ್ನು ಅವನು ಗುರುತು ಹಿಡಿದಿದ್ದನೋ ಇಲ್ಲವೋ ಎಂಬುದನ್ನು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ. ಕಂಕುಳ ಕೆಳಗೆ, ತೊಡೆಗಳ ಸುತ್ತ ತನ್ನದೇ ರೀತಿಯಲ್ಲಿ ಹಗ್ಗ ಬಿಗಿದು, ಬಾವಿಯ ಗೋಡೆಯಲ್ಲಿ ಕಾಲಿಡಲು ಕೊರೆದಿದ್ದ ಗೂಡುಗಳನ್ನು ತಾನು ಮುಂದೆ ಇಳಿಯುತ್ತ ಒಂದೊಂದಾಗಿ ತೋರಿಸಿ ನನ್ನನ್ನು ಇಳಿಸಿದ. ಮೂರನೇ ಆಳಿನಲ್ಲಿ ನನ್ನ ಕಾಲು ಜಾರಿತು, ಮೊಣಕಾಲು ಬಂಡೆಗೆ ಉಜ್ಜಿತು, ಬಿಲ್ಲೆ ಕಿತ್ತು ಕೆಳಗೆ ಹೋಯಿತು.

ವೆಂಕಟಸ್ವಾಮಿಯ ಬಲಗಾಲು ಮೊಣಕಾಲ ಕೆಳಗೆ ಮುರಿದು ಕಲ್ಲಿನಡಿ ಸಿಕ್ಕಿತ್ತು. ಮುನಿಯಣ್ಣ ಹಾರೆಯಿಂದ ಕಲ್ಲನ್ನು ಕೂದಲೆಳೆಯಷ್ಟು ಎತ್ತುವುದು, ಸಂದಿಗೆ ಚಕ್ಕೆಕಲ್ಲು ತುರುಕುವುದು, ಮತ್ತೆ ಎತ್ತುವುದು. ಅವಸರವೇ ಇಲ್ಲ, ನಿಲ್ಲಿಸಿದ್ದೂ ಇಲ್ಲ. ಕಾಲು ಬಿಡುಗಡೆಯಾದಾಗ ನಾನು ರಕ್ತ ನಿಲ್ಲಿಸಿ, ಗುದ್ದಲಿಯ ಕಾವನ್ನು ಜೊತೆಗಿಟ್ಟು ಕಟ್ಟು ಕಟ್ಟಿದೆ. ಇಲ್ಲಿ ತಮಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತೇನೆ: ಆ ಕಟ್ಟು ತಾವು ಕಲಿಸಿದ್ದೇ, ಅದು ಬಿಚ್ಚಿಕೊಳ್ಳಲಿಲ್ಲ. ಅವನನ್ನು ಮೇಲಿನಿಂದ ಇಳಿಸಿದ ಹಲಗೆಗೆ ಬಿಗಿದು ನಿಲ್ಲಿಸಿ ಮೇಲಕ್ಕೆ ಎಳೆಸಿದೆವು. ನಡುವೆ ಹಲಗೆ ಗೋಡೆಗೆ ಸಿಕ್ಕಿಕೊಂಡಿತು. ಐವತ್ತೆರಡು ವರ್ಷದ ಮುನಿಯಣ್ಣ ಗೂಡಿನಿಂದ ಗೂಡಿಗೆ ಕಾಲಿಡುತ್ತ, ಒಂದು ಹೆಗಲನ್ನು ಹಲಗೆಗೆ ಕೊಟ್ಟು, ಅದನ್ನು ಬಂಡೆಯಿಂದ ತಪ್ಪಿಸುತ್ತ ಜೊತೆಯಲ್ಲೇ ಹತ್ತಿದ.

ಮತ್ತೆ ಹಗ್ಗ ಇಳಿಯುವವರೆಗೆ ನಾನೊಬ್ಬನೇ ತಳದಲ್ಲಿದ್ದೆ. ಆಕಾಶ ಒಂದು ತಟ್ಟೆಯಷ್ಟಿತ್ತು. ಲಾಂದ್ರದ ಕುಡಿಯನ್ನೇ ನೋಡುತ್ತ, ಅದು ಸಣ್ಣಗಾಯಿತೇ, ಇಲ್ಲವೇ, ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಈ ಕೆಲಸವನ್ನು ಮುನಿಯಣ್ಣನ ಆಳುಗಳು ದಿನವೂ ಮಾಡುತ್ತಾರೆ. ಮೇಲೆ ಇಪ್ಪತ್ತು ಗಂಟಲು ಒಟ್ಟಿಗೆ ಕೂಗಿಕೊಂಡಾಗ ಅವನು ಅಂಚು ಮುಟ್ಟಿದನೆಂದು ತಿಳಿದು, ಅಲ್ಲೇ ಕುಕ್ಕರಿಸಿ ಅತ್ತೆ. ಇದನ್ನು ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಸೇರಿಸಲು ನನ್ನ ಅಭ್ಯಂತರವಿಲ್ಲ.

ಸೈಟಿನ ಲಾರಿಯಲ್ಲಿ ಹುಲ್ಲು ಹಾಸಿ ಪೇಟೆಯ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಕಾಲು ಉಳಿಯಿತು, ಒಂದಂಗುಲ ಗಿಡ್ಡವಾಯಿತು. ಇನ್ನು ಬಾವಿಗೆ ಇಳಿಯಲಾರ. ಕಟ್ಟು ಬಿಚ್ಚಿದ ಮೇಲೆ ಕೂತು ಕಲ್ಲು ಕಡಿಯುವ ಕೆಲಸಕ್ಕೆ ಹೋಗುತ್ತಾನಂತೆ, ಮುನಿಲಕ್ಷ್ಮಮ್ಮನ ಮಾತಿಗೆ ಮೊದಲಿನಂತೆಯೇ ಒಂದಕ್ಕೆ ನಾಲ್ಕು ಜವಾಬು ಕೊಡುತ್ತಾನೆ.

ಇಷ್ಟು ನನ್ನ ವಿವರಣೆ. ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೊಂಡು, ಇಂಥ ಅಶಿಸ್ತು ಮರುಕಳಿಸದಂತೆ ಕೆಲವು ಬಿನ್ನಹಗಳನ್ನು ತಮ್ಮ ಮುಂದಿಡುತ್ತೇನೆ. ಬೆಂಗಳೂರಿನ ಪಶ್ಚಿಮ ಭಾಗದ ಎಲ್ಲ ಬಾವಿಗಳಿಗೂ ಸುತ್ತೋಲೆ ಹೊರಡಿಸಿ, ತಾವು ಕೋಟು ಬಿಚ್ಚಿಟ್ಟು ಕಚೇರಿಯಲ್ಲಿ ಕುಳಿತಿರುವ ಹೊತ್ತಿನಲ್ಲಿ ಮಾತ್ರ ಕುಸಿಯತಕ್ಕದ್ದೆಂದು ತಾಕೀತು ಮಾಡಬೇಕು. ಆಳ ಮೂರೂವರೆ ಅಡಿ ಮೀರಿದ ಬಾವಿಗಳಿಂದ ಕಾರಣ ಕೇಳಬೇಕು. ಕೆಟ್ಟ ಗಾಳಿಗೆ ಕೈಪಿಡಿಯ ಒಂದು ಪ್ರತಿಯನ್ನು ಕಳಿಸಿ, ತನ್ನ ಹೆಸರು ಅದರಲ್ಲಿ ಇಲ್ಲದಿರುವುದರಿಂದ ಕೂಡಲೆ ಜಾಗ ಖಾಲಿ ಮಾಡುವಂತೆ ನೋಟೀಸು ಕೊಡಬೇಕು. ಕೂಲಿಯವರಿಗೆ ಬೀಳುವ ಮುಂಚೆ ಅರ್ಜಿ ಸಲ್ಲಿಸುವ ಕ್ರಮವನ್ನು ಮೂರು ವಾರ ಕಲಿಸಿದರೆ ಇನ್ನೂ ಅನುಕೂಲ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಲಾರದೆ ಒಂದು ಸಣ್ಣ ಏರ್ಪಾಡು ಮಾಡಿಕೊಂಡಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಊರ ಹಳೆಯ ಬಾವಿಯ ಹತ್ತಿರ ಮುನಿಯಣ್ಣ ಇಳಿಯುವುದನ್ನು, ಎತ್ತುವುದನ್ನು, ಗಾಳಿ ನೋಡುವುದನ್ನು ಕಲಿಸುತ್ತಾನೆ. ನಾನು ರಕ್ತ ನಿಲ್ಲಿಸುವುದನ್ನು, ಕಟ್ಟು ಕಟ್ಟುವುದನ್ನು ಕಲಿಸುತ್ತೇನೆ. ಇಪ್ಪತ್ತಮೂರು ಮಂದಿ ಬರುತ್ತಾರೆ. ತಮ್ಮ ಶಿಬಿರದ ಹದಿನಾಲ್ವರಲ್ಲಿ ಒಂಬತ್ತು ಮಂದಿ ಅದರಲ್ಲಿದ್ದಾರೆ. ಜಾಣರು, ಮೊದಲಿನಿಂದ ಕಲಿಯುತ್ತಿದ್ದಾರೆ.

ಏಳು ದಿನದ ಗಡುವಿಗೆ ಒಂದು ದಿನ ಮುಂಚೆಯೇ ವಿವರಣೆ ಮುಗಿಸಿದ ಸಮಾಧಾನದಲ್ಲಿ, ಮುಂದಿನ ಮೆಮೊವನ್ನು ಆದರದಿಂದ ಎದುರುನೋಡುವ

ತಮ್ಮ ವಿಶ್ವಾಸಿ,
ಗುರುಬಸಪ್ಪ
ಕಾಂಪೌಂಡರ್, ಕುರುಬರಹಳ್ಳಿ

ತಾ.ಕ.: ನಮ್ಮ ಭಾನುವಾರದ ಪಾಠಕ್ಕೆ ಒಂದು ಕೊರತೆಯಿದೆ. ಇಲ್ಲಿ ಎಲ್ಲರೂ ದುಡಿದು ಬಡಕಲಾದವರೇ ಆದ್ದರಿಂದ, ಭಾರಿ ತೂಕದ ಗಾಯಾಳುವನ್ನು ಎತ್ತುವ ಅಭ್ಯಾಸಕ್ಕೆ ತಕ್ಕ ವ್ಯಕ್ತಿ ಸಿಗುತ್ತಿಲ್ಲ. ತಮ್ಮಷ್ಟು ತೂಕದವರು ಈ ಭಾಗದಲ್ಲಿ ಬೇರೆ ಯಾರೂ ಇಲ್ಲವೆಂಬುದು ನಮ್ಮೆಲ್ಲರ ಒಮ್ಮತ. ಬರುವ ಭಾನುವಾರ ದಯಮಾಡಿಸಿ ಹಲಗೆಯ ಮೇಲೆ ನಿಂತುಕೊಂಡರೆ ದೊಡ್ಡ ಉಪಕಾರವಾಗುತ್ತದೆ. ಇಳಿಸುವುದರಲ್ಲಿ ನಮ್ಮವರೆಲ್ಲ ಪಾಸಾಗಿದ್ದಾರೆ. ಎತ್ತುವ ಪಾಠ ಇನ್ನೂ ಅರ್ಧದಲ್ಲಿದೆ.